ಮೆಟ್ಟಿಲಿಲ್ಲದ ತೊಟ್ಟಿ

ಯಲಹಂಕದ ಹಳೇ ಪೇಟೆಯಲ್ಲಿ ಮುನಿಕೆಂಪಮ್ಮನ ಹತ್ತಿರ ಮಾತಾಡುವ ಮುಂಚೆ ಜನ ಎರಡು ಸಲ ಯೋಚನೆ ಮಾಡುತ್ತಿದ್ದರು. ಕೆಟ್ಟವಳೆಂದಲ್ಲ, ಬಾಯಿ ಜೋರು. ಸಂತೆಯಲ್ಲಿ ಯಾರಾದರೂ ಅವಳ ಸೊಪ್ಪು ಬಾಡಿದೆ ಅಂದರೆ ಅವರ ಮುತ್ತಜ್ಜಿಯ ತನಕ ಹೋಗಿ ವಿಚಾರಿಸಿಕೊಂಡು ಬರುವ ಬಾಯಿ ಅದು. ಗಂಡ ಹೋದ ಮೇಲೆ ಹದಿನೈದು ವರ್ಷ ತಾನೇ ಸೊಪ್ಪು ಬೆಳೆದು, ತಾನೇ ಹೊತ್ತು ಮಾರಿ, ಇದ್ದೊಬ್ಬ ಮಗಳನ್ನು ಚಿಕ್ಕಜಾಲಕ್ಕೆ ಕೊಟ್ಟು ಮದುವೆ ಮಾಡಿದ್ದಳು. ಅಂಥವಳ ಮಡಿಲಿಗೆ ದೇವರು ಹಾಕಿದ್ದು ಮಾತೇ ಆಡದ ಮೊಮ್ಮಗಳನ್ನು. ವಿಧಿಗೂ ತಮಾಷೆ ಮಾಡೋಕೆ ಬರುತ್ತೆ ನೋಡಿ.

ಮೊಮ್ಮಗಳ ಹೆಸರು ಅಂಬುಜ. ಎರಡು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅಪ್ಪ ಮುನಿಆಂಜಿನಪ್ಪನಿಗೆ ಚಿಕ್ಕಜಾಲದ ರಸ್ತೆ ಬದಿಯಲ್ಲಿ ಸೈಕಲ್ ಶಾಪು. ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮನೆ ಊರಾಚೆ, ಹೊಲದ ನಡುವೆ ಒಂಟಿ ಮನೆ. ಮಗುವನ್ನು ನೋಡಿಕೊಂಡವಳು ಅವನ ತಾಯಿ. ಆ ಮುದುಕಿಗೆ ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಹಸಿವಾದರೆ ಹೊಟ್ಟೆ ಮುಟ್ಟಬೇಕು, ನಿದ್ದೆ ಬಂದರೆ ಕೆನ್ನೆಗೆ ಕೈ ಹಚ್ಚಬೇಕು. ಮಗು ಕೂಗಿ ಏನು ಪ್ರಯೋಜನ? ಕೂಗುವುದನ್ನೇ ಬಿಟ್ಟಿತು. ಎಂಬತ್ತನಾಲ್ಕರ ಉಗಾದಿಗೆ ಮುನಿಕೆಂಪಮ್ಮ ಅವಳನ್ನು ಯಲಹಂಕಕ್ಕೆ ಕರೆತಂದಾಗ ವಯಸ್ಸು ಆರು ತುಂಬಿತ್ತು, ಬಾಯಲ್ಲಿ ಒಂದು ಮಾತಿರಲಿಲ್ಲ. ಕೈಗಳು ಮಾತ್ರ ಪಟಪಟ ಆಡುತ್ತಿದ್ದವು.

ಆಸ್ಪತ್ರೆಯ ಡಾಕ್ಟರಮ್ಮ ಕಿವಿಯ ಹಿಂದೆ ಗಂಟೆ ಆಡಿಸಿ, ಬಾಯಿ ತೆಗೆಸಿ ನೋಡಿದರು. "ಎಲ್ಲಾ ಸರಿ ಇದೆಯಮ್ಮಾ. ಮಾತಾಡೋ ಅವಶ್ಯಕತೆನೇ ಬಂದಿಲ್ಲ ಇವಳಿಗೆ. ಮಕ್ಕಳ ಜೊತೆ ಬಿಡಿ," ಅಂದರು.

ಮುನಿಆಂಜಿನಪ್ಪನಿಗೆ ಇದು ನಂಬಿಕೆಯಾಗಲಿಲ್ಲ. ಅವನು ಇನ್ನೊಂದು ಮದುವೆಯಾಗಿದ್ದ, ಹೆಂಡತಿಗೆ ತಿಂಗಳು ತುಂಬುತ್ತಿತ್ತು. ಯಾರೋ ಅವನಿಗೆ ದೂರದ ಊರಿನ ಮೂಗರ ಶಾಲೆಯ ವಿಷಯ ಹೇಳಿದ್ದರು. ಅಲ್ಲೇ ಹಾಸ್ಟೆಲ್ಲು, ವರ್ಷಕ್ಕೊಂದು ಸಲ ರಜಾ.

"ನಂಗೇನ್ ಮಗಳು ಬ್ಯಾಡ ಅಂತ ಅಲ್ಲ ಅತ್ತೆ," ಅಂದ ಅವನು, ತಲೆ ತಗ್ಗಿಸಿಕೊಂಡು. "ಅಲ್ಲಿ ಕೈಸನ್ನೆಲೇ ಓದು ಕಲಿಸ್ತಾರಂತೆ. ಇಲ್ಲಿ ಇಸ್ಕೂಲ್‌ನೋರು ಸೇರಿಸ್ಕೊಳಲ್ಲ ಅಂದವ್ರೆ. ಮುಂದಿನ ಉಗಾದಿ ತಂಕ ನೋಡಾನ. ಅಷ್ಟ್ರಲ್ಲಿ ಬಾಯಿ ಬಿಟ್ರೆ ನಿಮ್ತಾವೇ ಇರ್ಲಿ. ಇಲ್ದಿದ್ರೆ ನಾನು ಕರ್ಕೊಂಡ್ ಓಯ್ತೀನಿ."

"ಆಯ್ತು ಓಗು," ಅಂದುಬಿಟ್ಟಳು ಮುನಿಕೆಂಪಮ್ಮ. ಅವನು ಬಸ್ಸು ಹತ್ತಿದ ಮೇಲೆ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು ಕೂತಳು. ಮಗಳು ಉಳಿಸಿ ಹೋಗಿದ್ದು ಇದೊಂದೇ ಜೀವ.

ಮಕ್ಕಳ ಜೊತೆ ಬಿಡಿ ಅಂತ ಹೇಳುವುದು ಸುಲಭ. ಮಕ್ಕಳು ಎಲ್ಲಿದ್ದಾರೆ? ಮುನಿಕೆಂಪಮ್ಮ ಹುಟ್ಟಿದ್ದು ತೊಟ್ಟಿಮನೆಯಲ್ಲಿ. ನಡುವೆ ಆಕಾಶ ಕಾಣುವ ಚೌಕದ ಅಂಗಳ, ಅದಕ್ಕೇ ತೊಟ್ಟಿ ಅನ್ನುವುದು, ಸುತ್ತ ಕೈಸಾಲೆ, ಎಲ್ಲ ಕೋಣೆಯ ಬಾಗಿಲೂ ಅದರ ಕಡೆಗೆ. ಹದಿನಾಲ್ಕು ಮಕ್ಕಳು ಆ ತೊಟ್ಟಿಯಲ್ಲಿ ಜಗಳವಾಡಿ, ಅಲ್ಲೇ ರಾಜಿಯಾಗಿ, ಯಾರ ತಟ್ಟೆಯಲ್ಲಿ ಯಾರು ಉಂಡರೆಂದು ಗೊತ್ತಾಗದೆ ಬೆಳೆದಿದ್ದರು. ಅಣ್ಣತಮ್ಮಂದಿರು ಪಾಲಾದಾಗ ಆ ತೊಟ್ಟಿಯ ಮೇಲೇ ಗೋಡೆ ಎದ್ದಿತು. ಇವಳ ಪಾಲಿಗೆ ಬಂದಿದ್ದು ದನದ ಕೊಟ್ಟಿಗೆ ಮತ್ತು ಹಿತ್ತಿಲು. ಅತ್ತ ಹೊಸದಾಗಿ ಎದ್ದಿದ್ದ ಉಪನಗರಕ್ಕೆ ಹೋಗಿ ನೋಡಿದರೆ ಒಂದೊಂದು ಮನೆಗೂ ಒಂದೊಂದು ಕಾಂಪೌಂಡು, ಒಂದೊಂದು ಗೇಟು. ಮಕ್ಕಳು ಗೇಟಿನ ಸರಳು ಹಿಡಿದುಕೊಂಡು ಬೀದಿ ನೋಡುತ್ತಿದ್ದವು.

"ಮಕ್ಳು ಇಲ್ದಿದ್ರೆ ನಾನೇ ತಂದಿಕ್ಕೊತೀನಿ," ಅಂದಳು ಮುನಿಕೆಂಪಮ್ಮ. ಕೊಟ್ಟಿಗೆ ಕೆಡವಿಸಿ ಬಾಡಿಗೆಗೆ ವಠಾರ ಕಟ್ಟುವುದೆಂದು ತೀರ್ಮಾನವಾಯಿತು. ಮೊದಲು ಗೇಟು, ಕಾಂಪೌಂಡು ಹಾಕಿಸು ಅಂತ ಬುದ್ಧಿವಾದ ಹೇಳಲು ಬಂದ ದೊಡ್ಡಣ್ಣ ಪಿಳ್ಳಣ್ಣನಿಗೆ, "ಏನಣ್ಣ, ನಾನೇನ್ ಜೈಲ್ ಕಟ್ತಿದೀನಾ?" ಅಂತ ಕೇಳಿ ಕಳಿಸಿದಳು.

ಕೆಲಸ ವಹಿಸಿಕೊಂಡವನು ಪಂಚಪ್ಪ, ಸೇಡಂ ಕಡೆಯ ಗಾರೆ ಮೇಸ್ತ್ರಿ. ಆಗ ರೈಲು ಗಾಲಿ ಕಾರ್ಖಾನೆಯ ಕೆಲಸ, ಕಾಲೇಜಿನ ಕೆಲಸ ಅಂತ ಉತ್ತರ ಕರ್ನಾಟಕದ ಕಡೆಯಿಂದ ಬಹಳ ಜನ ಯಲಹಂಕಕ್ಕೆ ಬಂದಿದ್ದರು. ಪಂಚಪ್ಪ ಒಳ್ಳೆಯ ಕೆಲಸಗಾರ. ಅವನು ಮಾಡಿದ ಗಾರೆಯ ಮೇಲೆ ಇರುವೆಯೂ ಜಾರುತ್ತಿತ್ತು. ಒಂದೇ ದೋಷ ಅಂದರೆ, ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ.

ಮುನಿಕೆಂಪಮ್ಮ ಪ್ಲಾನು ಬರೆದಿದ್ದು ರಂಗೋಲಿ ಪುಡಿಯಲ್ಲಿ. ಮೂರು ಕಡೆ ಐದು ಮನೆ, ನಾಲ್ಕನೆಯ ಕಡೆ ಬೀದಿ ಬಾಗಿಲು. ಎಲ್ಲ ಬಾಗಿಲೂ ಒಳಗಡೆಗೇ ತೆರೆಯಬೇಕು. ಅಡಿಗೆಮನೆ ಕಿಟಕಿ ಕೂಡ ಒಳಗಡೆಗೆ, ಒಗ್ಗರಣೆ ಹಾಕುತ್ತಲೇ ತಾಯಿಗೆ ಮಗು ಕಾಣಬೇಕು. ಎಲ್ಲರಿಗೂ ಒಂದೇ ನಲ್ಲಿ. ಜಗಲಿ ಎಷ್ಟು ಎತ್ತರ? ಅಂಬುಜಳನ್ನು ನಿಲ್ಲಿಸಿ ಮೊಣಕಾಲಿನ ತನಕ ದಾರ ಹಿಡಿದು, ಆ ದಾರವನ್ನು ಪಂಚಪ್ಪನ ಕೈಗೆ ಕೊಟ್ಟಳು. ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ ಅಂತ ಅವನು ಅಂದಿದ್ದಕ್ಕೆ, "ದೊಡ್ಡೋರಿಗ್ಯಾರ್ ಕಟ್ಟಿದ್ದು?" ಅಂದಳು.

"ಮಧ್ಯದಲ್ಲಿ ತೊಟ್ಟಿ ಬರ್ಬೇಕು," ಅಂತ ಚೌಕ ಎಳೆದಳು. "ಹನ್ನೆರಡಡಿ, ಹತ್ತಡಿ. ಐದು ಮನೇಗೂ ಅದೊಂದೇ. ಗಾರೆ ಗಟ್ಟಿಯಾಗಿ ಮಾಡು."

"ಆಗ್ಲಿರಿ," ಅಂದ ಪಂಚಪ್ಪ. ಎಷ್ಟು ಆಳ ಅಂತ ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟೂ ಗೊತ್ತಿಲ್ಲದ ಮೇಸ್ತ್ರಿಯೇ ಅಂದುಕೊಂಡಾಳೆಂದು ಸುಮ್ಮನಾದ.

ಗೋಡೆ ಏಳುತ್ತಿರುವಾಗ ಮುನಿಕೆಂಪಮ್ಮನಿಗೆ ಕಾಮಾಲೆ ಬಂತು. ಹುಣಸಮಾರನಹಳ್ಳಿಯ ಅಕ್ಕನ ಮನೆಯಲ್ಲಿ ನಾಟಿ ಔಷಧಿ, ಉಪ್ಪಿಲ್ಲದ ಪಥ್ಯ ಅಂತ ಮೂರು ವಾರ ಬಿದ್ದಿದ್ದಳು. ಕಣ್ಣಿನ ಹಳದಿ ಇಳಿದ ದಿನವೇ ಮೊಮ್ಮಗಳ ಕೈ ಹಿಡಿದು ಬಸ್ಸಿಳಿದು ನೆಟ್ಟಗೆ ಹಿತ್ತಿಲಿಗೆ ಬಂದಳು. ಐದು ಮನೆಯೂ ಎದ್ದು ನಿಂತಿವೆ, ಸೊಗಸಾಗಿವೆ. ನಡುವೆ ಇದೇನು?

ನಡುವೆ ಒಂದು ನೀರಿನ ತೊಟ್ಟಿ! ಹನ್ನೆರಡಡಿ ಹತ್ತಡಿ, ಅಳತೆಯಲ್ಲಿ ಒಂದಿಂಚು ತಪ್ಪಿಲ್ಲ. ಮೂರಡಿ ನೆಲದೊಳಗೆ, ಎರಡಡಿ ನೆಲದ ಮೇಲೆ, ಒಳಗೆಲ್ಲ ಕನ್ನಡಿಯಂಥ ಸಿಮೆಂಟು.

"ಅಯ್ಯೋ ನಿನ್ ಮನೆ ಕಾಯ್ವೋಗ! ಏನೋ ಇದು?"

"ತೊಟ್ಟಿರಿ," ಅಂದ ಪಂಚಪ್ಪ, ಹೆಮ್ಮೆಯಿಂದ. "ಒಂದ್ ಹನಿ ಸೋರಂಗಿಲ್ಲ."

"ತೊಟ್ಟಿ ಅಂದ್ರೆ ನೀರಿನ ತೊಟ್ಟಿನೇನೋ? ತೊಟ್ಟಿಮನೆ ತೊಟ್ಟಿ ಕಣೋ! ಮಕ್ಳು ಆಡಕ್ಕೆ!"

ಪಂಚಪ್ಪನ ಮುಖ ಇಳಿಯಿತು. "ನಮ್ಮ ಕಡಿ ಅದಕ್ಕ ಅಂಗಳ ಅಂತೀವ್ರೀ. ಬೆಂಗಳೂರಾಗ ಯಾವ ಕೆಲಸಕ್ಕ ಹೋದ್ರೂ ತೊಟ್ಟಿ ತುಂಬಸು ತೊಟ್ಟಿ ತುಂಬಸು ಅಂತಿದ್ರು. ಐದು ಮನಿಗಿ ಒಂದ ಅಂದ್ರಿ. ಇಲ್ಲಿ ನೀರಿಗಿ ಭಾಳ ತ್ರಾಸ, ಶಾಣ್ಯಾ ಹೆಣ್ಮಗಳು ಅಂದಕೊಂಡೆ."

ಶಾಣ್ಯಾ ಹೆಣ್ಣುಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಬಿದ್ದಿದ್ದ ಹಾರೆ ಎತ್ತಿಕೊಂಡು, ಅಂಚಿನ ಮೇಲೆ ಕೂತು, ಸರ್ರನೆ ಒಳಗೆ ಜಾರಿದಳು. ತಾನೇ ಒಡೆದುಹಾಕುವ ಆವೇಶ. ಒಂದೇಟು ಹಾಕಿದಳು, ಸಿಮೆಂಟಿಗೆ ಏನೂ ಆಗಲಿಲ್ಲ, ಕೈ ಜುಮ್ಮೆಂದಿತು. ಕಾಮಾಲೆಯಿಂದ ಎದ್ದ ಮೈ. ಇನ್ನೊಂದೇಟಿಗೆ ತ್ರಾಣವಿಲ್ಲ. ಹತ್ತಿ ಹೊರಗೆ ಬರೋಣವೆಂದರೆ ಮೊಣಕಾಲು ಏಳುತ್ತಿಲ್ಲ.

"ಕೈ ಕೊಟ್ಯಲ್ಲೋ ಪಂಚಪ್ಪ!" ಅಂತ ಗೋಳಾಡಿದಳು. ಮೋಸ ಮಾಡಿದೆಯಲ್ಲೋ ಅನ್ನುವುದು ಅವಳ ಅರ್ಥ. ಪಾಪ, ಪಂಚಪ್ಪ ಗಾಬರಿಯಿಂದ ಎರಡೂ ಕೈ ಕೆಳಗೆ ಚಾಚಿ, "ಕೊಟ್ಟೆರಿ, ಹಿಡೀರಿ, ಹಿಡೀರಿ!" ಅಂದ.

ಆಗ ಕೇಳಿಸಿತು ನಗು. ಮೇಲಿನಿಂದ, ಅಂಚಿಗೆ ಗಲ್ಲವೂರಿ ಇಣುಕುತ್ತಿದ್ದ ಅಂಬುಜ ನಗುತ್ತಿದ್ದಳು. ಮೌನದ ನಗುವಲ್ಲ, ಕಿಲಕಿಲ ಸದ್ದಿನ ನಗು. ಮನೆಗೆ ಬಂದು ಐದು ತಿಂಗಳಲ್ಲಿ ಆ ಗಂಟಲಿನಿಂದ ಸದ್ದು ಬಂದಿದ್ದು ಅದೇ ಮೊದಲು. ನಗುನಗುತ್ತಲೇ ತಾನೂ ಒಂದು ಪುಟ್ಟ ಕೈಯನ್ನು ಅಜ್ಜಿಯ ಕಡೆಗೆ ಚಾಚಿದಳು. ಮುನಿಕೆಂಪಮ್ಮನ ಕೋಪ ಎಲ್ಲಿ ಹೋಯಿತೋ ಏನೋ. ತೊಟ್ಟಿಯೊಳಗೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪಂಚಪ್ಪ ಕೂಲಿ ಇಲ್ಲದೆ ಒಡೆದುಕೊಡುತ್ತೇನೆ ಅಂದರೂ ಅವಳು ಬೇಡ ಅಂದಳು. "ತಳದಲ್ಲಿ ತೂತು ಮಾಡು. ಒಂದು ಚೊಂಬು ನೀರೂ ನಿಲ್ಬಾರ್ದು." ಒಂದು ಹನಿ ಸೋರದ ಹಾಗೆ ಕಟ್ಟಿದವನೇ ಉಳಿ ಹಿಡಿದು ತೂತು ಕೊರೆಯಬೇಕಾಯಿತು. ಮುಖ ನೋಡಬೇಕಿತ್ತು ಅವನದು.

ಇನ್ನು ಬಾಡಿಗೆಯವರು. ಆ ಕಾಲದಲ್ಲಿ ಮನೆ ಕೇಳಲು ಹೋದರೆ ಮಾಲೀಕರ ಮೊದಲ ಪ್ರಶ್ನೆ, ಮಕ್ಕಳೆಷ್ಟು? ಮೂರು ಅಂದರೆ ಬಾಗಿಲು ಮುಚ್ಚಿತು. ಇದು ಗೊತ್ತಿದ್ದ ಪಂಚಪ್ಪ ತನ್ನ ಕಡೆಯ ಶರಣವ್ವನಿಗೆ ಚೆನ್ನಾಗಿ ಪಾಠ ಹೇಳಿಕೊಟ್ಟು ಕರೆತಂದ. ಆಳಂದದ ಹೆಂಗಸು, ಗಂಡನಿಗೆ ಗಾಲಿ ಕಾರ್ಖಾನೆಯಲ್ಲಿ ಕೆಲಸ.

"ಎಷ್ಟ್ ಮಕ್ಳು?" ಕೇಳಿದಳು ಮುನಿಕೆಂಪಮ್ಮ.

"ಎರಡ ಎರಡ್ರಿ," ಅಂದಳು ಶರಣವ್ವ. "ಭಾಳ ಶಾಣ್ಯಾ ಅವ. ಮನ್ಯಾಗ ಅದಾವಿಲ್ಲೋ ಗೊತ್ತೇ ಆಗಂಗಿಲ್ಲ. ಸಪ್ಪಳನ ಮಾಡಂಗಿಲ್ರಿ."

"ಸದ್ದು ಮಾಡ್ದಿರೋ ಮಕ್ಳು ನಂಗೆ ಬ್ಯಾಡ. ಅಂತಾದ್ದೊಂದು ಆಗ್ಲೇ ಐತೆ. ನೀವು ಬೇರೆ ಕಡೆ ನೋಡ್ಕಳಿ."

ಶರಣವ್ವ ಪಂಚಪ್ಪನ ಮುಖ ನೋಡಿದಳು, ಪಂಚಪ್ಪ ಆಕಾಶ ನೋಡಿದ. ಕೊನೆಗೆ ಅವಳು ಸೆರಗು ಬಾಯಿಗೆ ಹಿಡಿದು, "ನಾಕ್ ಅವ್ರಿ," ಅಂದಳು. "ಹಿರೇದು ಲೀಲಾ ಅಂತ. ಅದರ ಬಾಯಿ ಮುಚ್ಚಸಾಕ ದೇವರ ಬರಬೇಕು."

"ಅಂಗ್ ಏಳು ಮತ್ತೆ!" ಅಂದು ಮುನಿಕೆಂಪಮ್ಮ ಬೀಗದಕೈ ಕೊಟ್ಟಳು. ಬಟ್ಟೆ ಹೊಲಿಯುವ ಫಖ್ರುನ್ನೀಸಾ ಮೂರು ಗಂಡುಮಕ್ಕಳೊಂದಿಗೆ ಬಂದಳು. ಒಂದರಲ್ಲಿ ಮುನಿಕೆಂಪಮ್ಮನೇ ಉಳಿದಳು, ಇನ್ನೆರಡು ಮನೆಗೂ ಮಕ್ಕಳೊಂದಿಗರೇ ಬಂದರು. ದಸರಾ ಹೊತ್ತಿಗೆ ವಠಾರದಲ್ಲಿ ಹನ್ನೊಂದು ಮಕ್ಕಳು.

ಮೊದಮೊದಲು ಮಕ್ಕಳು ತಮ್ಮ ತಮ್ಮ ಬಾಗಿಲಲ್ಲೇ ಕೂತವು. ಆಮೇಲೆ ಒಂದು ತೊಟ್ಟಿಗೆ ಇಳಿಯಿತು, ಹಿಂದೆಯೇ ಎಲ್ಲವೂ. ತಳದಲ್ಲಿ ಬಳಪದಿಂದ ಕುಂಟೆಬಿಲ್ಲೆಯ ಮನೆ ಬರೆದರು. ಅಲ್ಲಿ ಒಂದು ಮೂಲೆಗೆ ಮುನಿಸಿಕೊಂಡು ಕೂತವರೂ ಇನ್ನೊಬ್ಬರ ಕಾಲಿಗೆ ತಾಗಲೇಬೇಕು, ಜಾಗವೇ ಅಷ್ಟು. ಇಳಿಯುವುದೇನೋ ಸುಲಭ, ಜಾರಿದರೆ ಸಾಕು. ಹತ್ತುವುದು? ಐದಡಿ ಗೋಡೆ, ಪಂಚಪ್ಪನ ಗಾರೆ. ಕೆಳಗಿನಿಂದ ಒಬ್ಬರು ಎತ್ತಬೇಕು, ಮೇಲಿನಿಂದ ಒಬ್ಬರು ಎಳೆಯಬೇಕು. ನಿನ್ನೆ ಜುಟ್ಟು ಹಿಡಿದವರನ್ನೇ ಇವತ್ತು ಕೈ ಕೊಡು ಅಂತ ಕೇಳಬೇಕು.

ಮಕ್ಕಳ ಮೊಣಕಾಲು ತರಚಿದ್ದು ನೋಡಿ ಫಖ್ರುನ್ನೀಸಾ ದೂರು ತಂದಳು. ಪಂಚಪ್ಪನೂ ಬಂದ. "ನಾಕ್ ಪಾವಟಿಗಿ ಕಟ್ಟಿಬಿಡ್ತೀನ್ರೀ."

"ಏನೋ ಅದು ಪಾವಟಿಗಿ? ಈ ಸಲ ಮೊದ್ಲು ತೋರ್ಸಿ ಆಮೇಲೆ ಕಟ್ಟು."

ಅವನು ಕೈಯಲ್ಲಿ ಗಾಳಿಯ ಮೇಲೆ ಮೆಟ್ಟಿಲು ಬರೆದು ತೋರಿಸಿದ. ಸರಿ ಅನ್ನಲು ಬಾಯಿ ತೆರೆದ ಮುನಿಕೆಂಪಮ್ಮ ಹಾಗೇ ನಿಂತಳು. ತೊಟ್ಟಿಯೊಳಗೆ ಅಂಬುಜ ಹೊರಗೆ ಬರಬೇಕೆಂದು ಕೈಸನ್ನೆ ಮಾಡುತ್ತಿದ್ದಳು. ಆದರೆ ಅವಳ ಎತ್ತರಕ್ಕಿಂತ ಗೋಡೆ ಎತ್ತರ. ಅಂಚಿನಿಂದ ದೂರ ನಿಂತವರಿಗೆ ಆ ಕೈ ಕಾಣುತ್ತಿರಲಿಲ್ಲ. ಚಿಕ್ಕಜಾಲದ ಮನೆಯಲ್ಲಿ ದನಿಗೆ ಬೆಲೆಯಿರಲಿಲ್ಲ, ಈ ತೊಟ್ಟಿಯಲ್ಲಿ ಸನ್ನೆಗೆ ಬೆಲೆಯಿಲ್ಲ. ಇಲ್ಲಿಂದ ಮೇಲೆ ಬರಬೇಕೆಂದರೆ ಬಾಯಿ ಬಿಟ್ಟು ಕೂಗಬೇಕು!

"ಮೆಟ್ಲು ಬ್ಯಾಡ," ಅಂದಳು ಮುನಿಕೆಂಪಮ್ಮ. ಯಾಕೆ ಅಂತ ಹೇಳಲಿಲ್ಲ. ಪಂಚಪ್ಪನೂ ಕೇಳಲಿಲ್ಲ, ಅವನ ಸ್ವಭಾವ ಗೊತ್ತಲ್ಲ.

ಆದರೆ ಮಕ್ಕಳು ಅಜ್ಜಿಗಿಂತ ಕರುಣೆಯುಳ್ಳವರು. ಕೆಳಗಿದ್ದ ಯಾರಾದರೊಬ್ಬರು ಅಂಬುಜಳ ಸನ್ನೆ ನೋಡಿ, "ಅಂಬುನ್ನ ಎಳೀರೋ," ಅಂತ ಅವಳ ಪರವಾಗಿ ತಾವೇ ಕೂಗಿಬಿಡುತ್ತಿದ್ದರು. ಲೀಲಾ ಒಬ್ಬಳೇ ಬಿಗಿ. ಒಂಬತ್ತು ವರ್ಷದ ಆ ಹುಡುಗಿಯದೇ ಆಟದ ಕಾನೂನು. "ನನ್ನ ಪಾಳಿ ಅಂತ ಬಾಯಿಲೇ ಕೇಳಿದ್ರ ಬಿಲ್ಲಿ ಕೊಡ್ತೀನಿ," ಅನ್ನುತ್ತಿದ್ದಳು. ಅಂಬುಜ ಕೇಳುತ್ತಿರಲಿಲ್ಲ, ಅವಳ ಪಾಳಿ ಬರುತ್ತಿರಲಿಲ್ಲ. ಆದರೂ ದಿನಾ ಇಳಿಯುತ್ತಿದ್ದಳು, ದಿನಾ ಗೋಡೆಗೊರಗಿ ಎಲ್ಲರ ಬಾಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಸಂಕ್ರಾಂತಿ ಬಂತು, ಎಳ್ಳುಬೆಲ್ಲ ಹಂಚಿದ್ದಾಯಿತು. ಶಿವರಾತ್ರಿಯೂ ಹೋಯಿತು. ಮುನಿಕೆಂಪಮ್ಮ ಉಗಾದಿಗೆ ಉಳಿದ ದಿನಗಳನ್ನು ಬೆರಳು ಮಡಿಚಿ ಎಣಿಸತೊಡಗಿದಳು.

ಒಂದು ಸಂಜೆ ಬೀದಿಯಲ್ಲಿ ಕರಡಿ ಆಡಿಸುವವನು ಬಂದನೆಂದು ಮಕ್ಕಳೆಲ್ಲ ಒಬ್ಬರನ್ನೊಬ್ಬರು ಎಳೆದುಕೊಂಡು ಓಡಿದರು. ಅಂಬುಜ ಒಳಗೇ ಉಳಿದಳು. ಅಡಿಗೆಮನೆ ಕಿಟಕಿಯಿಂದ ಮುನಿಕೆಂಪಮ್ಮ ನೋಡುತ್ತಿದ್ದಳು. ಹೋಗಿ ಎತ್ತಬೇಕೆಂದು ಎದ್ದವಳು ಹೊಸಲಿನಲ್ಲಿ ನಿಂತುಬಿಟ್ಟಳು. ಇವತ್ತು ಕರೆದೇ ಕರೆಯುತ್ತಾಳೆ. ಅಜ್ಜೀ ಅಂತ ಒಂದು ಸಲ, ಸಾಕು. ಬಾಗಿಲು ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕಾದಳು. ತೊಟ್ಟಿಯಿಂದ ಸದ್ದಿಲ್ಲ. ಒಲೆಯ ಮೇಲಿನ ಸಾರು ಉಕ್ಕಿತು, ಉಕ್ಕಲಿ ಅಂದಳು. ಕೊನೆಗೆ ತಡೆಯಲಾರದೆ ಹೋಗಿ ಬಗ್ಗಿ ನೋಡಿದರೆ, ಮಗು ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದೆ. ಎಷ್ಟು ಹೊತ್ತಿನಿಂದಲೋ. ಕೆನ್ನೆ ತುಂಬ ನೀರು, ಸದ್ದಿಲ್ಲದ ಅಳು.

ಮುನಿಕೆಂಪಮ್ಮ ಬಾಚಿ ಎತ್ತಿಕೊಂಡಳು. "ಪಾಪಿ ಕಣವ್ವ ನಾನು, ಪಾಪಿ ಮುಂಡೆ," ಅಂತ ಎದೆಗವಚಿಕೊಂಡು ತಾನೇ ಜೋರಾಗಿ ಅತ್ತಳು. ಮಗುವಿನ ಜೊತೆ ಪಂತ ಕಟ್ಟಿದೆನಲ್ಲ! ಮಾತು ಬರದಿದ್ದರೆ ಬೇಡ, ಎಲ್ಲಿದ್ದರೂ ನಗುತ್ತಿದ್ದರೆ ಸಾಕು ಅನ್ನಿಸಿತು. ಮಾರನೆಯ ದಿನವೇ ಪಂಚಪ್ಪನನ್ನು ಕರೆಸಿ, ಹಬ್ಬ ಮುಗಿದ ಮೇಲೆ ಮೆಟ್ಟಿಲು ಕಟ್ಟಿಬಿಡು ಅಂದಳು. ಅವನು ಇಟ್ಟಿಗೆ ತಂದು ತೊಟ್ಟಿಯ ಪಕ್ಕ ಜೋಡಿಸಿ ಹೋದ. ಮುನಿಕೆಂಪಮ್ಮ ಪೆಟ್ಟಿಗೆ ತೆಗೆದು ಅಂಬುಜಳ ಬಟ್ಟೆ ಮಡಿಚಿಟ್ಟಳು. ಸೋತೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸಂತೆಯಲ್ಲಿ ಆ ವಾರ ಯಾರ ಜೊತೆಗೂ ಜಗಳವಾಡಲಿಲ್ಲ.

ಎಂಬತ್ತೈದರ ಉಗಾದಿಯ ಮಾರನೆಯ ದಿನ, ಮಾಂಸದೂಟದ ಹೊಸ್ತೊಡಕು. ಮುನಿಕೆಂಪಮ್ಮನ ಮನೆಯಲ್ಲಿ ಬಾಡಿನ ಸಾರು ಕುದಿಯುತ್ತಿತ್ತು. ಮಾಂಸ ಮುಟ್ಟದ ಶರಣವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ನಲ್ಲಿಯಿಂದ ನೀರು ಹೊತ್ತೊಯ್ಯುತ್ತಿದ್ದಳು. ಹನ್ನೊಂದು ಗಂಟೆಗೆ ಮುನಿಆಂಜಿನಪ್ಪ ಬಂದ. ಹೆಗಲಲ್ಲಿ ಖಾಲಿ ಚೀಲ. ಹೊಸ ಹೆಂಡತಿಗೆ ಹುಟ್ಟಿದ ಗಂಡುಮಗುವಿಗೆ ವರ್ಷ ತುಂಬಿತ್ತು, ಆ ಸಿಹಿಯನ್ನು ಅತ್ತೆಯ ಕೈಗೆ ಕೊಡಲು ಅವನಿಗೇ ಸಂಕೋಚ.

"ಏನಾದ್ರೂ ಆಡಿದ್ಲಾ ಅತ್ತೆ?"

ಮುನಿಕೆಂಪಮ್ಮ ಇಲ್ಲವೆಂದು ತಲೆಯಾಡಿಸಿದಳು. ಜೀವಮಾನದಲ್ಲಿ ಮೊದಲ ಸಲ ಅವಳೂ ಸನ್ನೆಯಲ್ಲೇ ಉತ್ತರ ಕೊಟ್ಟಿದ್ದಳು.

ಅಂಬುಜ ತೊಟ್ಟಿಯಲ್ಲಿದ್ದಳು. ಎಣ್ಣೆ ಸ್ನಾನಕ್ಕೆ ತಾಯಂದಿರು ಕರೆದರೆಂದು ಉಳಿದ ಮಕ್ಕಳು ಒಳಗೆ ಹೋಗಿದ್ದವು. ಒಬ್ಬಳೇ ಕುಂಟೆಬಿಲ್ಲೆಯ ಮನೆಗಳ ಮುಂದೆ ಬಿಲ್ಲೆ ಹಿಡಿದು ನಿಂತಿದ್ದಳು. ಮುನಿಆಂಜಿನಪ್ಪ ಅಂಚಿನ ಮೇಲೆ ಬಗ್ಗಿ ಎರಡೂ ಕೈ ಚಾಚಿದ. "ಬಾ ಮಗಾ, ಓಗಾನ. ಬಸ್ಸಿಗೆ ಒತ್ತಾಯ್ತು."

ಅಂಬುಜ ಆ ಕೈಗಳನ್ನು ನೋಡಿದಳು. ಅವನ ಹೆಗಲಿನ ಚೀಲ ನೋಡಿದಳು. ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದು ನಿಂತ ಅಜ್ಜಿಯನ್ನು ನೋಡಲು ಹಿಮ್ಮಡಿ ಎತ್ತಿದಳು, ಕಾಣಲಿಲ್ಲ. ಹಿಂದೆ ಹಿಂದೆ ಸರಿದು ಆಚೆ ಗೋಡೆಗೆ ಬೆನ್ನು ಹಚ್ಚಿ ನಿಂತಳು. ತೊಟ್ಟಿಗಿಳಿಯಲು ಮುನಿಆಂಜಿನಪ್ಪ ಒಂದು ಕಾಲು ಅಂಚಿಗೆ ಹಾಕಿದ್ದೇ ತಡ,

"ಲೀಲಕ್ಕಾ!"

ಒಡೆದ ದನಿ. ಯಾರದೆಂದು ಯಾರಿಗೂ ತಿಳಿಯಲಿಲ್ಲ.

"ಲೀಲಕ್ಕಾ, ಕೈ ಕೊಡ ಬೇ! ಲಗೂ ಬಾ!"

ಅರ್ಧ ಹೆಣೆದ ಜಡೆಯಲ್ಲೇ ಲೀಲಾ ಓಡಿ ಬಂದಳು. ಅವಳ ಹಿಂದೆ ತಮ್ಮಂದಿರು, ಎಣ್ಣೆ ಸುರಿಯುವ ಮೈಯಲ್ಲಿ. ಫಖ್ರುನ್ನೀಸಾಳ ಗಂಡುಮಕ್ಕಳು ಬಂದರು. ಆರೇಳು ಕೈ ಒಟ್ಟಿಗೆ ಇಳಿದವು. ಅಂಬುಜಳನ್ನು ಎಳೆದುಕೊಂಡ ರಭಸಕ್ಕೆ ಎಲ್ಲರೂ ಇಟ್ಟಿಗೆಯ ಮೇಲೆ ಬಿದ್ದರು. ಅವಳು ಎದ್ದು ಲಂಗ ಕೊಡವಿಕೊಂಡು, ಲೀಲಾಳ ಹಿಂದೆ ನಿಂತು ಅಪ್ಪನಿಗೆ ಹೇಳಿದಳು:

"ನಾ ಒಲ್ಲೆ. ಇಲ್ಲೇ ಇರ್ತೀನಿ. ನನ್ನ ಪಾಳಿ ಅದ."

ಮುನಿಆಂಜಿನಪ್ಪ ಒಂದು ಕಾಲು ಅಂಚಿನ ಮೇಲೆ, ಒಂದು ಕಾಲು ನೆಲದ ಮೇಲೆ ಹಾಗೇ ನಿಂತ. "ಅತ್ತೆ," ಅಂದ, "ಇದ್ಯಾವ ಊರ ಮಾತು?"

ಚಿಕ್ಕಜಾಲದಲ್ಲಿ ಹುಟ್ಟಿ ಯಲಹಂಕದಲ್ಲಿ ಬೆಳೆಯುತ್ತಿದ್ದ ಮಗು ಆಳಂದದ ಮಾತು ಆಡುತ್ತಿತ್ತು! ತಪ್ಪು ತನ್ನ ಮಕ್ಕಳದ್ದೇ ಅಂದುಕೊಂಡ ಶರಣವ್ವ ಕೊಡ ಕೆಳಗಿಟ್ಟು ಓಡಿ ಬಂದಳು. "ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಮ್ಮ ಹುಡುಗರ ಸಂಗತಿ ಬಿದ್ದು ಹಿಂಗಾಗ್ಯದ. ನಾ ತಿದ್ದತೀನ್ರಿ, ನಿಮ್ಮ ಕಡಿ ಮಾತು ಕಲಸ್ತೀನ್ರಿ."

"ಯಾರಾದ್ರೂ ತಿದ್ದೀರಾ, ಜೋಕೆ!" ಗುಡುಗಿದಳು ಮುನಿಕೆಂಪಮ್ಮ. ಬೀದಿಯವರೂ ಬಾಗಿಲಿಗೆ ಬರುವಷ್ಟು ಜೋರು ದನಿ, ಕಣ್ಣಲ್ಲಿ ಮಾತ್ರ ದಳದಳ ನೀರು. "ಅದರ ಒಂದು ಅಕ್ಷರ ತಿದ್ದಿದ್ರೂ ಮನೆ ಖಾಲಿ ಮಾಡಿಸ್ಬುಡ್ತೀನಿ!" ಆಮೇಲೆ ಅಳಿಯನ ಕಡೆ ತಿರುಗಿದಳು. "ನಮ್ ತೊಟ್ಟಿ ಮಾತು ಕಣಪ್ಪ ಇದು. ಕೇಳಿಸ್ತಾ?"

"ಕೇಳಿಸ್ತು ಅತ್ತೆ," ಅಂದ ಮುನಿಆಂಜಿನಪ್ಪ. "ಪಾಳಿ ಅಂದ್ರೇನು?"

ಮುನಿಕೆಂಪಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಲೀಲಾಳೇ ಹೇಳಿದಳು, "ಸರತಿ ರೀ, ಮಾಮಾ. ಆಟದಾಗ ಇನ್ನ ಆಕೀದು ಸರತಿ. ಇವತ್ತ ಬಾಯಿಲೇ ಕೇಳ್ಯಾಳ, ಕೊಡಲೇಬೇಕು."

ಸರತಿ ಮುಗಿಯುವ ತನಕ ಕಾಯುವುದೆಂದಾಯಿತು. ಮುನಿಆಂಜಿನಪ್ಪ ಖಾಲಿ ಚೀಲವನ್ನು ಮಡಿಚಿ ಇ‌ಟ್ಟಿಗೆಯ ಮೇಲಿಟ್ಟು ತೊಟ್ಟಿಯ ಅಂಚಿನಲ್ಲಿ ಕೂತ. ಮಕ್ಕಳೆಲ್ಲ ಮತ್ತೆ ಇಳಿದರು. ಅಂಬುಜ ಬಿಲ್ಲೆ ಎಸೆದು ಒಂಟಿಕಾಲಲ್ಲಿ ಕುಂಟಿದಳು, ಗೆರೆ ತುಳಿದಳು, ಇಲ್ಲವೆಂದು ವಾದಿಸಿದಳು. ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಅವಳಿಗೆ ಒಂದೇ ಮಧ್ಯಾಹ್ನಕ್ಕೆ ಬರಲಿಲ್ಲ. ಹತ್ತೋ ಹನ್ನೆರಡೋ ಮಾತು, ಅದರಲ್ಲಿ ಎಂಟು ಲೀಲಾಳನ್ನು ಬೈದಿದ್ದು. ಒಳಗಿನಿಂದ ಬಾಡಿನ ಸಾರಿನ ವಾಸನೆ ಬರುತ್ತಿತ್ತು. ಎರಡು ಗಂಟೆಯ ಚಿಕ್ಕಜಾಲದ ಬಸ್ಸು ಹೊರಟುಹೋಯಿತು.

ಮುನಿಕೆಂಪಮ್ಮ ಊಟಕ್ಕೆ ಕರೆದಾಗ ಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು. ಕೊನೆಗೆ ಉಳಿದವಳು ಅಂಬುಜ. ಮೇಲೆ ಲೀಲಾ ಕೈ ಚಾಚಿ ಕಾದಿದ್ದಳು. ಅಂಬುಜ ಆ ಕೈ ಹಿಡಿಯಲಿಲ್ಲ. ಎರಡು ಹೆಜ್ಜೆ ಆಚೆ, ಮುನಿಆಂಜಿನಪ್ಪ ಕೂತಿದ್ದ ಜಾಗದ ಕೆಳಗೆ ಬಂದು ನಿಂತು, ಮುಖವೆತ್ತಿ ಕರೆದಳು.

"ಅಪ್ಪಾ. ಕೈ ಕೊಡು."

ಮುನಿಆಂಜಿನಪ್ಪ ಎರಡೂ ಕೈ ಕೊಟ್ಟ.